ಚಿಟ್ಟಿಲಿಯ ಕಣ್ಣು: ಒಂದು ಬೆಳಕು, ಮೂರು ದಾರಿ

ಚನ್ನರಾಯಪಟ್ಟಣ, ಹೊಳೆನರಸೀಪುರ ತಾಲ್ಲೂಕುಗಳ ರಾಗಿ ಹೊಲಗಳ ಬದುವಿನಲ್ಲಿ ಬಿಲ ತೋಡಿಕೊಂಡು, ಕತ್ತಲಾದ ಮೇಲೆ ಕಾಳು ಹುಡುಕಲು ಹೊರಡುವ ಹೊಲದ ಚಿಟ್ಟಿಲಿಯು ಪ್ರಾಣಿಶಾಸ್ತ್ರದಲ್ಲಿ ಮಸ್ ಬೂಡುಗ ಎಂಬ ಹೆಸರಿನಿಂದ ಪರಿಚಿತವಾಗಿದ್ದು, ಪ್ರಯೋಗಾಲಯಗಳಲ್ಲಿ ಸಾಕುವ ಇಲಿಯ ಕುಲಕ್ಕೇ ಸೇರಿದೆ. ಈ ಪ್ರಯೋಗಾಲಯದ ಇಲಿಯ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ, ಕಣ್ಣಿಗೆ ಬಿದ್ದ ಒಂದೇ ಬೆಳಕು ಮೆದುಳಿನ ಬೇರೆ ಬೇರೆ ಠಾವುಗಳನ್ನು ಸೇರಿ, ಒಂದೆಡೆ ಆಕಾರವಾಗಿ, ಇನ್ನೊಂದೆಡೆ ಅಪಾಯವಾಗಿ, ಮತ್ತೊಂದೆಡೆ ಹೊತ್ತಾಗಿ ಅರ್ಥ ಪಡೆಯುವುದು ತಿಳಿಯುತ್ತದೆ.

ಸುಮಾರು 3 ಮಿಲಿಮೀಟರ್ ಅಡ್ಡಳತೆಯ ಇಲಿಯ ಕಣ್ಣಿನ ಹಿಂಗೋಡೆಯನ್ನು ಆವರಿಸಿರುವ ತೆಳುಪದರವೇ ಅಕ್ಷಿಪಟಲ. ಅಲ್ಲಿ ಬೆಳಕನ್ನು ಹಿಡಿಯುವ ಕೋಶಗಳಲ್ಲಿ ಶೇಕಡಾ 97ರಷ್ಟು ಮಬ್ಬಿನಲ್ಲೂ ಕೆಲಸ ಮಾಡಬಲ್ಲ ದಂಡಕೋಶಗಳಾಗಿದ್ದು, ಹಗಲಿನ ನೋಟಕ್ಕೂ ಬಣ್ಣಕ್ಕೂ ಒದಗುವ ಶಂಕುಕೋಶಗಳ ಪಾಲು ಶೇಕಡಾ 3 ಮಾತ್ರ. ಈ ಕೋಶಗಳು ಕತ್ತಲೆಯಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಎಡೆಬಿಡದೆ ಸೂಸುತ್ತಿದ್ದು, ಬೆಳಕು ತಾಕಿದೊಡನೆ ಅದನ್ನು ತಗ್ಗಿಸುತ್ತವೆ. ಈ ತಗ್ಗುವಿಕೆಯೇ ಸುದ್ದಿಯಾಗಿ, ನಡುವಣ ದ್ವಿಧ್ರುವ ಕೋಶಗಳನ್ನು ದಾಟಿ, ಗ್ಯಾಂಗ್ಲಿಯಾನ್ ಕೋಶಗಳೆಂಬ ಕೊನೆಯ ಸಾಲಿನಲ್ಲಿ ವಿದ್ಯುತ್ ಮಿಡಿತಗಳ ರೂಪ ತಾಳುತ್ತದೆ. ಮನುಷ್ಯನ ಒಂದು ಕಣ್ಣಿನಲ್ಲಿ ಸುಮಾರು 10 ಲಕ್ಷದಷ್ಟಿರುವ ಈ ಕೋಶಗಳು ಇಲಿಯಲ್ಲಿ 45,000ದ ಆಸುಪಾಸಿನಲ್ಲಿವೆಯಾದರೂ, ಅವುಗಳಲ್ಲಿ ಮೂವತ್ತಕ್ಕೂ ಹೆಚ್ಚು ಬಗೆಗಳಿದ್ದು, ಕೆಲವು ಚಲನೆಯ ದಿಕ್ಕಿಗೆ, ಕೆಲವು ಬೆಳಕು ಹೆಚ್ಚಿದ್ದಕ್ಕೆ, ಕೆಲವು ಕುಂದಿದ್ದಕ್ಕೆ ಎಚ್ಚರಗೊಳ್ಳುತ್ತವೆ.

ಗ್ಯಾಂಗ್ಲಿಯಾನ್ ಕೋಶಗಳ ಉದ್ದನೆಯ ಎಳೆಗಳು ಹುರಿಗೊಂಡು ದೃಷ್ಟಿನರವಾಗುತ್ತವೆ. ಎರಡೂ ಕಣ್ಣುಗಳ ನರಗಳು ಮೆದುಳಿನ ಅಡಿಯಲ್ಲಿ ಸಂಧಿಸುವ ಜಾಗದಲ್ಲಿ ಮನುಷ್ಯನ ಎಳೆಗಳ ಪೈಕಿ ಅರ್ಧಕ್ಕೆ ತುಸು ಹೆಚ್ಚು ಮಾತ್ರ ಎದುರು ಬದಿಗೆ ದಾಟಿದರೆ, ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವ ಇಲಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ದಾಟುತ್ತವೆ. ಇಲ್ಲಿಂದ ಮುಂದಕ್ಕೆ ಆಕಾರದ ದಾರಿಯು ಮೆದುಳಿನ ನಡುವಿನ ಥಲಾಮಸ್ ಎಂಬ ತಂಗುದಾಣದ ಮೂಲಕ ಹಿಂಬದಿಯ ಹೊರಪದರವನ್ನು, ಎಂದರೆ ಗೆರೆ, ಅಂಚು, ಓರೆಗಳನ್ನು ಬೇರ್ಪಡಿಸಿ ಗುರುತಿಸುವ ದೃಷ್ಟಿ ಕಾರ್ಟೆಕ್ಸನ್ನು ಸೇರುತ್ತದೆ. ಮನುಷ್ಯನ ಎಳೆಗಳಲ್ಲಿ ಬಹುಪಾಲು ಹಿಡಿಯುವುದು ಇದೇ ದಾರಿಯನ್ನು. ಇಲಿಯ ನೋಟದ ಸ್ಪಷ್ಟತೆಯಾದರೋ ಮನುಷ್ಯನದಕ್ಕಿಂತ ಹತ್ತಾರು ಪಟ್ಟು ಕಡಿಮೆ.

ಇಲಿಯ ಹೆದ್ದಾರಿ ಬೇರೆಯೇ ಆಗಿದೆ. ಅದರ ಗ್ಯಾಂಗ್ಲಿಯಾನ್ ಕೋಶಗಳಲ್ಲಿ ಶೇಕಡಾ 85ರಿಂದ 90ರಷ್ಟು ನಡುಮೆದುಳಿನ ಮೇಲ್ಭಾಗದಲ್ಲಿರುವ ಸುಪೀರಿಯರ್ ಕಾಲಿಕ್ಯುಲಸ್ ಎಂಬ ಪುಟ್ಟ ದಿಬ್ಬಕ್ಕೆ ಎಳೆ ಚಾಚಿದ್ದು, ಅದೇ ಕೋಶಗಳಲ್ಲಿ ಹಲವು ಕವಲೊಡೆದು ಥಲಾಮಸ್‌ಗೂ ಸುದ್ದಿ ಮುಟ್ಟಿಸುತ್ತವೆ. ಏನು ಕಂಡಿತೆಂಬುದಕ್ಕಿಂತ ಎಲ್ಲಿ ಕಂಡಿತು, ಓಡಬೇಕೇ ಅಡಗಬೇಕೇ ಎಂಬುದನ್ನು ತೀರ್ಮಾನಿಸುವಲ್ಲಿ ಈ ದಿಬ್ಬದ ಪಾತ್ರ ದೊಡ್ಡದು. ತಲೆಯ ಮೇಲಿನ ಪರದೆಯಲ್ಲಿ ಕಪ್ಪು ವೃತ್ತವೊಂದನ್ನು ಹಿಗ್ಗಿಸಿದರೆ ಇಲಿಯು ಮರೆಗೆ ಓಡುತ್ತದೆ ಅಥವಾ ಕಲ್ಲಿನಂತೆ ನಿಂತುಬಿಡುತ್ತದೆ ಎಂಬುದನ್ನು 2013ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಎರಗುವ ಹದ್ದಾಗಲಿ ಗೂಬೆಯಾಗಲಿ ಇಲಿಗೆ ಕಾಣುವುದು ಹೀಗೆ ಹಿಗ್ಗುವ ನೆರಳಾಗಿಯೇ. ಆಕಾಶದ ನೋಟ ಬೀಳುವ ಅಕ್ಷಿಪಟಲದ ಕೆಳಭಾಗದಲ್ಲಿ ಅತಿನೇರಳೆ ಕಿರಣಕ್ಕೆ ಸ್ಪಂದಿಸುವ ಶಂಕುಕೋಶಗಳು ದಟ್ಟವಾಗಿರುವುದೂ ಬಾನಿನ ಹಿನ್ನೆಲೆಯಲ್ಲಿ ಹಕ್ಕಿಯನ್ನು ಬೇಗ ಗುರುತಿಸಲು ನೆರವಾಗುತ್ತದೆಂದು ತಜ್ಞರು ಭಾವಿಸುತ್ತಾರೆ.

ಮೂರನೆಯ ದಾರಿ ನೋಟಕ್ಕೆ ಸಂಬಂಧಿಸಿದ್ದೇ ಅಲ್ಲ. ಗ್ಯಾಂಗ್ಲಿಯಾನ್ ಕೋಶಗಳಲ್ಲಿ ಕೆಲವೇ ಕೆಲವು ಮೆಲನಾಪ್ಸಿನ್ ಎಂಬ ವರ್ಣದ್ರವ್ಯದ ಬಲದಿಂದ ತಾವೇ ಬೆಳಕನ್ನು ಗ್ರಹಿಸಿ, ದೃಷ್ಟಿನರಗಳ ಸಂಧಿಯ ಮೇಲ್ಗಡೆ ಇರುವ, ಸುಮಾರು 20,000 ಕೋಶಗಳ ಒಂದು ಜೋಡಿ ಗಂಟಿಗೆ ಅದನ್ನು ತಿಳಿಸುತ್ತವೆ. ದೇಹದ ದಿನಚರಿಯನ್ನು ನಡೆಸುವ ಮುಖ್ಯ ಗಡಿಯಾರ ಇದೇ ಆಗಿದ್ದು, ದಂಡಕೋಶ ಶಂಕುಕೋಶಗಳೆರಡೂ ಇಲ್ಲದ ಇಲಿಗಳು ಸಹ ಹಗಲಿರುಳಿನ ಲಯಕ್ಕೆ ಹೊಂದಿಕೊಳ್ಳುತ್ತವೆ ಎಂದು 1999ರಲ್ಲಿ ಪ್ರಕಟವಾದಾಗ ವಿಜ್ಞಾನಿಗಳಿಗೆ ಅಚ್ಚರಿಯಾಯಿತು.

ಇದೇ ಗಡಿಯಾರವನ್ನು ಹೊಲದ ಚಿಟ್ಟಿಲಿಯಲ್ಲಿ ದೀರ್ಘಕಾಲ ಅಭ್ಯಾಸ ಮಾಡಿದವರು ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿದ್ದು, ಮುಂದೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದ ಎಂ.ಕೆ. ಚಂದ್ರಶೇಖರನ್. ಅವರೂ ಅವರ ಸಹೋದ್ಯೋಗಿಯೂ 1985ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಹಗಲಿರುಳುಗಳ ಸುಳಿವಿಲ್ಲದ ಕಡೆಯಲ್ಲಿ ಬೆಳೆದ ಚಿಟ್ಟಿಲಿಯ ಮರಿಗಳ ಗಡಿಯಾರವು ತಾಯಿ ಜೊತೆಗಿರುವ ಮತ್ತು ಅಗಲಿರುವ ಸರದಿಗೆ ಹೊಂದಿಕೊಳ್ಳುತ್ತದೆ. ಬಿಲದೊಳಗಿನ ಮರಿಗೆ ಬೆಳಕು ತಲುಪುವ ಮುನ್ನವೇ, ಮುಸ್ಸಂಜೆಯ ಬೆಳಕನ್ನು ಕಣ್ಣಿನಿಂದ ಅಳೆದು ಹೊರಟು ಬೆಳಗಿನೊಳಗೆ ಮರಳುವ ತಾಯಿಯೇ ಹೊತ್ತನ್ನು ಮುಟ್ಟಿಸುತ್ತಾಳೆ.