ಚಿನ್ನದ ಶಿಬಿರದಲ್ಲಿ ತಕ್ಕಡಿಯ ಲೆಕ್ಕ

1848ರ ಜನವರಿ 24ರಂದು ಕ್ಯಾಲಿಫೋರ್ನಿಯಾದ ಕೊಲೋಮಾದಲ್ಲಿ, ಸಟರ್ ಎಂಬ ಜಮೀನುದಾರರ ಮರ ಕೊಯ್ಯುವ ಕಾರ್ಖಾನೆಯ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್ ಅವರಿಗೆ ಚಿನ್ನದ ತುಣುಕುಗಳು ದೊರೆತವು. ಸುದ್ದಿ ಹರಡಿದೊಡನೆ ನದಿಯ ದಂಡೆಗಳಲ್ಲಿ ಡೇರೆಗಳ ಊರುಗಳೇ ಎದ್ದವು. ಬಂದವರು ಹಿಮ ಕರಗಿದ ತಣ್ಣೀರಿನಲ್ಲಿ ದಿನವಿಡೀ ನಿಂತು ಮರಳು ತೊಳೆಯುತ್ತಿದ್ದರು.

ಇತಿಹಾಸಕಾರರ ಅಂದಾಜಿನಂತೆ ಅವರ ದಿನದ ಸರಾಸರಿ ಗಳಿಕೆ 1848ರಲ್ಲಿ 20 ಡಾಲರ್. 1852ರ ವೇಳೆಗೆ ಅದು 6 ಡಾಲರಿಗೆ ಇಳಿದಿತ್ತು. ಒಂದು ಮೊಟ್ಟೆಗೆ ಒಂದು ಡಾಲರ್ ತೆತ್ತ ದಿನಗಳೂ ಉಂಟು. ಆದಾಯವನ್ನಷ್ಟೇ ಕಂಡು ಹೊರಟವರು ಖರ್ಚಿನ ಪುಟವನ್ನು ತೆರೆದೇ ನೋಡಿರಲಿಲ್ಲವೆನ್ನಬೇಕು.

ನಾಣ್ಯಗಳ ಅಭಾವದಿಂದ ಚಿನ್ನದ ಪುಡಿಯೇ ಹಣವಾಯಿತು. ಶುದ್ಧ ಚಿನ್ನಕ್ಕೆ ಔನ್ಸಿಗೆ 20 ಡಾಲರ್ 67 ಸೆಂಟ್ ಸರ್ಕಾರಿ ದರವಿದ್ದರೆ, ಅಂಗಡಿಗಳಲ್ಲಿ ಪುಡಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು 16 ಡಾಲರ್. ಬೆರಕೆಯ ಅಂಶ ಕಳೆದರೂ ಅಂಗಡಿಕಾರನಿಗೆ ಲಾಭವೇ. ಸಣ್ಣ ವ್ಯವಹಾರಕ್ಕೆ ಒಂದು ಚಿಟಿಕೆ ಪುಡಿಯೆಂದರೆ ಒಂದು ಡಾಲರ್. ಬೆರಳು ದಪ್ಪಗಿದ್ದವನು ಭಾಗ್ಯವಂತ!

ವರ್ತಕ ಸ್ಯಾಮ್ ಬ್ರಾನನ್ ಮಣ್ಣು ಅಗೆಯಲಿಲ್ಲ. ಸಲಿಕೆ, ಗುದ್ದಲಿ, ಬೋಗುಣಿಗಳನ್ನು ದಾಸ್ತಾನು ಮಾಡಿಕೊಂಡು, 1848ರ ಮೇ ತಿಂಗಳಲ್ಲಿ ಚಿನ್ನದ ಪುಡಿಯ ಸೀಸೆ ಹಿಡಿದು ಸ್ಯಾನ್ ಫ್ರಾನ್ಸಿಸ್ಕೋದ ಬೀದಿಗಳಲ್ಲಿ ಸುದ್ದಿ ಸಾರಿದರು. ಅಪಾರ ಸಂಪತ್ತು ಗಳಿಸಿದ ಅವರು 1889ರಲ್ಲಿ ಬಡತನದಲ್ಲಿಯೇ ತೀರಿಕೊಂಡರು.