‘ಕಾಮ್‌ಲಿ’ ಎಂದರೆ ಸಾವಕಾಶವಲ್ಲ



ಇಂಗ್ಲಿಷಿನ ‘ಕಾಮ್‌ಲಿ’ ಎಂಬ ಮಾತು ಮಕ್ಕಳ ಪುಸ್ತಕದಲ್ಲಿಯೂ ಆಸ್ಪತ್ರೆಯ ಸೂಚನೆಗಳಲ್ಲಿಯೂ ಬರುತ್ತದೆ. ‘ಕಾಮ್’ ಎಂದರೆ ಶಾಂತ. ನಾವು ‘ಆಗಿ’ ಎಂದು ಸೇರಿಸುವಲ್ಲಿ ಅವರು ‘ಲಿ’ ಸೇರಿಸುತ್ತಾರೆ. ಬರೆಯುವಾಗ ‘ಕಾಮ್’ನ ನಡುವೆ ‘ಎಲ್’ ಅಕ್ಷರವಿದ್ದರೂ ಓದುವಾಗ ಅದನ್ನು ನುಡಿಯುವುದಿಲ್ಲ. ಇದರ ಮೂಲ ಗ್ರೀಕ್ ಭಾಷೆಯಲ್ಲಿ ಸುಡುಬಿಸಿಲು ಎಂಬರ್ಥದ ಶಬ್ದವೆಂದು ಪಂಡಿತರ ಎಣಿಕೆ. ನಡುಹಗಲಿನ ಬಿಸಿಲಿಗೆ ದನಗಳು ಗಿಡದ ನೆರಳಿನಲ್ಲಿ ಮಲಗಿ ಮೆಲುಕು ಹಾಕುವುದನ್ನು ಕಂಡ ನಮಗೆ ಇದೇನೂ ವಿಚಿತ್ರವಲ್ಲ.

ಆದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರ ಸೀಮೆಯಲ್ಲಿ ನಾವಾಡುವ ‘ಸಾವಕಾಶ’ ಇದಕ್ಕೆ ಸರಿಯಲ್ಲ. ಸಾವಕಾಶವು ಕಾಲಕ್ಕೆ ಸೇರಿದ್ದು, ಇದು ಮನಸ್ಸಿಗೆ ಸೇರಿದ್ದು. ‘ಸಮಾಧಾನದಿಂದ’ ಎಂದರೆ ಒಪ್ಪುತ್ತದೆ.

ಗೋವಿನಜೋಳದ ಹೊಲದಲ್ಲಿ ಹಾವು ಕಡಿದರೆ ಈ ಭೇದವು ಜೀವದ ಪ್ರಶ್ನೆಯಾಗುತ್ತದೆ. ಕಡಿಸಿಕೊಂಡವರು ಓಡಬಾರದು, ಓಡಿದರೆ ವಿಷ ಬೇಗ ಹರಡುತ್ತದೆ. ಅವರನ್ನು ಮಲಗಿಸಿ ಧೈರ್ಯ ಹೇಳಿರಿ. ಬಾವು ಬರುವ ಮುಂಚೆ ಉಂಗುರ, ಬಳೆ ತೆಗೆಯಿರಿ. ಕಡಿದ ಕೈ ಅಥವಾ ಕಾಲು ಅಲುಗದಂತೆ ಬಿದಿರಿನ ದಬ್ಬೆ ಆನಿಸಿ ಸಡಿಲಾಗಿ ಕಟ್ಟಿರಿ. ಹಗ್ಗದಿಂದ ಬಿಗಿಯುವುದು, ಗಾಯ ಕೊಯ್ಯುವುದು, ಮಂತ್ರದವರಿಗಾಗಿ ಕಾಯುವುದು ಬೇಡ. ಇದೆಲ್ಲ ಸಮಾಧಾನದಿಂದ ನಡೆಯಲಿ. ಗಾಡಿ ತರುವವರು ಮಾತ್ರ ಒಂದು ಗಳಿಗೆಯೂ ತಡಮಾಡಬಾರದು. 108ಕ್ಕೆ ಕರೆಮಾಡಿ, ವಿಷಕ್ಕೆ ಪ್ರತಿಯಾದ ಚುಚ್ಚುಮದ್ದು ಇರುವ ಸರಕಾರಿ ಆಸ್ಪತ್ರೆಗೆ ನೇರವಾಗಿ ಒಯ್ಯಿರಿ. ಹಾವನ್ನು ಹುಡುಕಿ ಕೊಲ್ಲಲು ಹೊತ್ತು ಕಳೆಯಬೇಡಿರಿ. 2024ರಲ್ಲಿ ನಮ್ಮ ರಾಜ್ಯ ಸರಕಾರವು ಹಾವು ಕಡಿತವನ್ನು ಅಧಿಸೂಚಿತ ರೋಗವೆಂದು ಸಾರಿದೆ. ಆದ್ದರಿಂದ ಖಾಸಗಿ ದವಾಖಾನೆಯವರೂ ಇಂಥ ಪ್ರಕರಣವನ್ನು ಸರಕಾರಕ್ಕೆ ತಿಳಿಸಬೇಕು.