ಬೂತಾಯಿಯ ಋತುಚಕ್ರ ಮತ್ತು ಕರಾವಳಿಯ ರಂಪಣಿ

ಉತ್ತರ ಅಟ್ಲಾಂಟಿಕ್‌ ತೀರದ ಜನಜೀವನದಲ್ಲಿ ಹೆರಿಂಗ್ ಮೀನಿಗೆ ಇರುವ ಸ್ಥಾನ ಭಾರತದ ಪಶ್ಚಿಮ ಕರಾವಳಿಯಲ್ಲಿ ಅದೇ ಗಣಕ್ಕೆ ಸೇರಿದ ಬೂತಾಯಿಗೆ ಸಲ್ಲುತ್ತದೆ. ಸಾರ್ಡಿನೆಲ್ಲ ಲಾಂಜಿಸೆಪ್ಸ್ ಎಂಬುದು ಇದರ ಶಾಸ್ತ್ರೀಯ ನಾಮ. ತುಳುನಾಡಿನಲ್ಲಿ ಬೂತಾಯಿ, ಕುಂದಾಪುರದ ಕಡೆ ಬೈಗೆ, ಕೊಂಕಣಿಯಲ್ಲಿ ತಾರ್ಲೆ, ಮಲಯಾಳದಲ್ಲಿ ಮತ್ತಿ ಎನಿಸಿಕೊಳ್ಳುವ ಈ ಮೀನು ಬಡವರ ಊಟಕ್ಕಷ್ಟೇ ಸೀಮಿತವಾಗಿರಲಿಲ್ಲ. ಇದರ ಎಣ್ಣೆ ದೀಪಕ್ಕೂ ಮರದ ದೋಣಿಯ ಮೈಗೆ ಬಳಿಯುವುದಕ್ಕೂ ಒದಗುತ್ತಿತ್ತು. ಮಿಕ್ಕ ಮೀನು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು.

ಬೂತಾಯಿಯ ಬಾಳು ಸುಮಾರು ಎರಡೂವರೆ ವರ್ಷ. ನೈಋತ್ಯ ಮುಂಗಾರಿನ ಕಾಲದಲ್ಲಿ ಕಡಲಿನ ತಳದ ತಂಪು ನೀರು ಪೋಷಕಾಂಶಗಳೊಡನೆ ಮೇಲೇರುತ್ತದೆ. ಸೂಕ್ಷ್ಮ ಸಸ್ಯಪ್ಲವಕಗಳು ಹುಲುಸಾಗಿ ಬೆಳೆಯುತ್ತವೆ. ಮೀನು ಮೊಟ್ಟೆಯಿಡುವುದೂ ಮುಖ್ಯವಾಗಿ ಈ ಕಾಲದಲ್ಲಿಯೇ. ಮಳೆ ಇಳಿಮುಖವಾದಾಗ ಮರಿಗಳ ಹಿಂಡುಗಳು ತೀರದ ಸಮೀಪಕ್ಕೆ ಬರುತ್ತವೆ. 1920ರ ದಶಕದಲ್ಲಿ ಜೇಮ್ಸ್ ಹಾರ್ನೆಲ್ ಮತ್ತು ನಾಯುಡು ಈ ಮೀನಿನ ಜೀವನಕ್ರಮವನ್ನು ಅಭ್ಯಸಿಸಿದರು. 1955ರಲ್ಲಿ ನಾಯರ್ ಮತ್ತು ಸುಬ್ರಹ್ಮಣ್ಯನ್ ಅವರು ಫ್ರಾಜಿಲೇರಿಯ ಓಶಿಯಾನಿಕ ಎಂಬ ಡಯಾಟಮ್‌ನ ಸಮೃದ್ಧಿಯು ಬೂತಾಯಿಯ ಸಮೃದ್ಧಿಯ ಸೂಚಕವೆಂದು ತೋರಿಸಿದರು. ನೀರಿನ ಬಣ್ಣ, ಹಕ್ಕಿಗಳ ಎರಗಾಟ, ರಾತ್ರಿ ಅಲೆಗಳಲ್ಲಿ ಮಿನುಗುವ ಬೆಳಕು ಇವುಗಳಿಂದ ಹಿಂಡನ್ನು ಗುರುತಿಸುವ ವಿದ್ಯೆ ಮೊಗವೀರ, ಖಾರ್ವಿ ಮೊದಲಾದ ಸಮುದಾಯಗಳಲ್ಲಿ ಅದಕ್ಕೂ ಬಹಳ ಹಿಂದಿನದು.

ಶ್ರಾವಣ ಹುಣ್ಣಿಮೆಯ ಸಮುದ್ರಪೂಜೆಯಲ್ಲಿ ತೆಂಗಿನಕಾಯಿ ಅರ್ಪಿಸಿದ ಮೇಲೆ ಮೀನುಗಾರಿಕೆಯ ಹೊಸ ಋತು ತೊಡಗುತ್ತಿತ್ತು. ಇದರ ಪ್ರಧಾನ ಸಾಧನ ರಂಪಣಿ. ದೋಣಿಯಲ್ಲಿ ಬಲೆಯನ್ನು ಅರ್ಧವರ್ತುಲವಾಗಿ ಬಿಡುತ್ತ ಹೋಗಿ ಹಿಂಡನ್ನು ಸುತ್ತುವರಿದು, ಎರಡೂ ತುದಿಗಳನ್ನು ದಡದಿಂದ ಹತ್ತಾರು ಜನ ಎಳೆಯುತ್ತಿದ್ದರು. ಈ ಉದ್ದನೆಯ ಬಲೆ ಒಬ್ಬನ ಸ್ವತ್ತಲ್ಲ. ಗುಂಪಿನ ಸದಸ್ಯರು ತಂದ ತುಂಡುಗಳನ್ನು ಜೋಡಿಸಿ ಅದನ್ನು ಕಟ್ಟಲಾಗುತ್ತಿತ್ತು, ಬಂದ ಮೀನಿನಲ್ಲಿ ಅದಕ್ಕನುಗುಣವಾಗಿ ಪಾಲು ಸಲ್ಲುತ್ತಿತ್ತು. ಹಿಡಿತ ಅತಿಯಾದಾಗ ಬಲೆಯನ್ನು ನೀರಿನಲ್ಲಿಯೇ ನಿಲ್ಲಿಸಿ ಮೀನನ್ನು ಸ್ವಲ್ಪ ಸ್ವಲ್ಪವಾಗಿ ಹೊರತೆಗೆಯುವ ಕ್ರಮವಿತ್ತು. ಶೀತಾಗಾರಗಳಿಲ್ಲದ ಕಾಲದಲ್ಲಿ ಇದೊಂದು ಜಾಣ್ಮೆಯ ಏರ್ಪಾಡೇ ಸರಿ.

1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡಕ್ಕೆ ಬರುವವರೆಗೆ ಕಾಯಬೇಕಾದ ಅಗತ್ಯ ಅವುಗಳಿಗಿರಲಿಲ್ಲ. ರಂಪಣಿ ಗುಂಪುಗಳು ಕೆಲವೇ ವರ್ಷಗಳಲ್ಲಿ ಚದುರಿದವು. ಇಂದು ಉಳಿದಿರುವುದು ಅಲ್ಲಲ್ಲಿ ಕಾಣುವ ಕೈರಂಪಣಿ ಮಾತ್ರ. ಬಲೆಯೊಡನೆ ಪಾಲಿನ ಪದ್ಧತಿಯೂ ಮರೆಯಾದುದು ತಂತ್ರದ ಬದಲಾವಣೆಗಿಂತ ದೊಡ್ಡ ನಷ್ಟ.

ಆದರೆ ಬೂತಾಯಿಯ ಏರಿಳಿತಕ್ಕೆಲ್ಲ ಯಂತ್ರವನ್ನೇ ಹೊಣೆಮಾಡುವುದು ಸರಿಯಾಗದು. ಯಂತ್ರಗಳಿಲ್ಲದ 1940ರ ದಶಕದಲ್ಲಿಯೂ ಈ ಮೀನು ತೀರ ವಿರಳವಾಗಿತ್ತು. ಇತ್ತೀಚಿನ ಏರಿಳಿತವಂತೂ ತೀವ್ರವಾದುದು: ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ದೊರೆತಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಇಳಿಯಿತು. ಕಡಲಿನ ತಾಪ, ಮಳೆಯ ವ್ಯತ್ಯಯ, ಮರಿಮೀನಿನ ಬೇಟೆ ಇವೆಲ್ಲ ಒಟ್ಟುಗೂಡಿ ಪರಿಣಾಮ ಬೀರುತ್ತವೆ. ಇವುಗಳಲ್ಲಿ ಮನುಷ್ಯನ ನೇರ ಹಿಡಿತಕ್ಕೆ ಸಿಗುವುದು ಕೊನೆಯದು ಮಾತ್ರ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗಿರುವ 61 ದಿನಗಳ ನಿಷೇಧ ಮೊಟ್ಟೆಯಿಡುವ ಮೀನಿಗೆ ಒಂದಿಷ್ಟು ಆಸರೆಯಾಗಿದೆ. ಹಿಂಡುಗಳು ತೀರ ಸೇರುವ ಮುಂದಿನ ತಿಂಗಳುಗಳಲ್ಲಿ ಮರಿಗಳಿಗೆ ಆ ಆಸರೆ ಇಲ್ಲ. ಕೇರಳ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿಯನ್ನು ಹಿಡಿಯುವುದನ್ನು ನಿಷೇಧಿಸಿದ್ದು ಈ ಕೊರತೆಯನ್ನು ತುಂಬುವ ಸಲುವಾಗಿಯೇ.